ಕೈ ಪಳಗುವುದು ತಲೆಯೊಳಗೆ



ಜೋಳದ ರೊಟ್ಟಿ ಬಡಿಯುವುದನ್ನು ನೀವು ನೋಡಿಯೇ ಇರುತ್ತೀರಿ. ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದವರ ಮನೆಗಳಲ್ಲಂತೂ ಆ ಸಪ್ಪಳ ಹೊಸದಲ್ಲ. ಬಡಿಯುವವರು ಅತ್ತ ಫೋನಿನಲ್ಲಿ ಮಾತಾಡುತ್ತಿರುತ್ತಾರೆ, ಇತ್ತ ಮಕ್ಕಳನ್ನು ಗದರುತ್ತಿರುತ್ತಾರೆ, ನಡುವೆ ರೇಡಿಯೊ ಕೂಡ ಕೇಳುತ್ತಿರುತ್ತಾರೆ. ಕೈ ಮಾತ್ರ ತನ್ನ ಪಾಡಿಗೆ ತಾನು ಹಿಟ್ಟನ್ನು ತಿರುಗಿಸುತ್ತ, ತಟ್ಟುತ್ತ, ಅಂಚು ಒಡೆಯದಂತೆ ನೋಡಿಕೊಳ್ಳುತ್ತ ಹೋಗುತ್ತದೆ. ಹೊಸದಾಗಿ ಕಲಿಯಲು ಕುಳಿತವರ ರೊಟ್ಟಿ ಭಾರತದ ನಕಾಶೆ ಆಗುವಷ್ಟು ದೂರವೂ ಹೋಗುವುದಿಲ್ಲ. ಮೂರು ಚೂರಾಗಿ ಪರಾತದಲ್ಲೇ ಉಳಿಯುತ್ತದೆ. 'ಇರಲಿ ಬಿಡು, ಕೈ ಪಳಗಬೇಕು' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ.

ಮಾತು ಚೆನ್ನಾಗಿದೆ, ಆದರೆ ಪಳಗುವುದು ಕೈಯಲ್ಲ. ಕೈಯ ಸ್ನಾಯುಗಳಿಗೆ ನೆನಪಿಟ್ಟುಕೊಳ್ಳುವ ಜಾಗವೇ ಇಲ್ಲ. ಪಳಗುವುದು ತಲೆಯೊಳಗೆ, ಅದೂ ಒಂದೇ ಕಡೆಯಲ್ಲಿ ಅಲ್ಲ. ನಡೆಯುವುದು, ಓಡುವುದು, ಬರೆಯುವುದು, ಬ್ಯಾಟ್ ಬೀಸುವುದು ಎಲ್ಲದರ ಹಿಂದೆಯೂ ಮಿದುಳಿನ ನಾಲ್ಕಾರು ಭಾಗಗಳು ಕೆಲಸ ಹಂಚಿಕೊಂಡಿರುತ್ತವೆ. ಯಾವ ಭಾಗ ಏನು ಮಾಡುತ್ತದೆ ಎಂದು ಸ್ವಲ್ಪ ತಿಳಿದಿದ್ದರೆ ಮಗುವನ್ನು ಕೋಚಿಂಗ್‌ಗೆ ಹಾಕುವಾಗ, ನಾವು ಜಿಮ್ ಸೇರುವಾಗ, ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದಾಗ ನಾವು ಮಾಡುವ ತೀರ್ಮಾನ ಬೇರೆಯಾಗುತ್ತದೆ. ಅದಕ್ಕೇ ಈ ಸಲ ಈ ವಿಷಯ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ, ನಮ್ಮ ಗಚ್ಚಿಬೌಲಿಯೇ ಸಾಕು. ಪುಲ್ಲೇಲ ಗೋಪಿಚಂದ್ ತಮ್ಮ ಮನೆಯನ್ನು ಒತ್ತೆಯಿಟ್ಟು ಕಟ್ಟಿಸಿದ ಬ್ಯಾಡ್ಮಿಂಟನ್ ಅಕಾಡೆಮಿ ಅಲ್ಲಿ 2008ರಲ್ಲಿ ಶುರುವಾಯಿತು. 2012ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸೈನಾ ನೆಹವಾಲ್, 2016ರಲ್ಲಿ ರಿಯೊದಲ್ಲಿ ಬೆಳ್ಳಿ ಗೆದ್ದ ಪಿ.ವಿ. ಸಿಂಧು ಇಬ್ಬರೂ ಅಲ್ಲಿ ಬೆವರು ಹರಿಸಿದವರು. ಇಂಥ ಯಾವ ಅಕಾಡೆಮಿಯಲ್ಲಾದರೂ ಬೆಳಿಗ್ಗೆ ಹೋಗಿ ನಿಂತರೆ ಕಾಣುವ ನೋಟ ಒಂದೇ. ಕೋಚ್ ಒಬ್ಬರು ಬುಟ್ಟಿ ತುಂಬ ಶಟಲ್ ಇಟ್ಟುಕೊಂಡು ಒಂದಾದ ಮೇಲೊಂದು ಎಸೆಯುತ್ತಾರೆ, ಆಚೆ ಬದಿಯ ಮಗು ಅದೇ ಹೊಡೆತವನ್ನು ನೂರು ಸಲ, ಇನ್ನೂರು ಸಲ ಹೊಡೆಯುತ್ತದೆ. ನೋಡುವವರಿಗೆ ಬೇಸರ. ಆದರೆ ಅಲ್ಲಿ ತಯಾರಾಗುತ್ತಿರುವುದು ಭುಜದ ಬಲ ಒಂದೇ ಅಲ್ಲ.

ಲೆಕ್ಕ ನೋಡಿ. ಇದೇ ಅಕಾಡೆಮಿಯಲ್ಲಿ ಬೆಳೆದ ಅಮಲಾಪುರದ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಹೊಡೆದ ಒಂದು ಸ್ಮ್ಯಾಶ್ ಗಂಟೆಗೆ 565 ಕಿಲೋಮೀಟರ್ ವೇಗದಲ್ಲಿ ರ‍್ಯಾಕೆಟ್ ಬಿಟ್ಟಿತು ಎಂದು ಗಿನ್ನೆಸ್ ದಾಖಲೆಗೆ ಸೇರಿತು. ಗಾಳಿಯ ತಡೆಗೆ ಶಟಲ್ ಬೇಗ ನಿಧಾನವಾಗುತ್ತದೆ, ನಿಜ. ಆದರೂ 13.4 ಮೀಟರ್ ಉದ್ದದ ಅಂಕಣದಲ್ಲಿ ಎದುರಾಳಿಗೆ ಸಿಗುವುದು ಅರ್ಧ ಸೆಕೆಂಡಿಗೂ ಕಡಿಮೆ ಸಮಯ. ಕಣ್ಣು ಕಂಡದ್ದಕ್ಕೆ ಕೈ ಬರೀ ಅಲುಗಲು ಶುರುಮಾಡುವುದಕ್ಕೇ ಸುಮಾರು 0.2 ಸೆಕೆಂಡ್ ಬೇಕು. ಉಳಿದ ಚೂರು ಸಮಯದಲ್ಲಿ ಹೆಜ್ಜೆ ಹಾಕಿ, ಬಗ್ಗಿ, ರ‍್ಯಾಕೆಟ್ ಒಡ್ಡುವುದು ಹೇಗೆ?

ಉತ್ತರ ಇಷ್ಟು: ಪಳಗಿದ ಆಟಗಾರರು ಶಟಲ್‌ಗಾಗಿ ಕಾಯುವುದೇ ಇಲ್ಲ. ಬ್ರೂಸ್ ಅಬರ್ನೆಥಿ ಎಂಬ ಆಸ್ಟ್ರೇಲಿಯಾದ ಸಂಶೋಧಕರು 1980ರ ದಶಕದಲ್ಲಿ ಬ್ಯಾಡ್ಮಿಂಟನ್ ಹೊಡೆತಗಳ ಚಿತ್ರಗಳನ್ನು ಅರ್ಧಕ್ಕೆ ನಿಲ್ಲಿಸಿ, ಶಟಲ್ ಎಲ್ಲಿ ಬೀಳುತ್ತದೆಂದು ಆಟಗಾರರನ್ನು ಕೇಳಿದರು. ಹೊಸಬರು ಎದುರಾಳಿಯ ರ‍್ಯಾಕೆಟ್ ನೋಡಿ ಊಹಿಸಿದರು. ಪರಿಣತರು ರ‍್ಯಾಕೆಟ್ ಜತೆಗೆ ಅದನ್ನು ಹಿಡಿದ ತೋಳನ್ನೂ ಓದುತ್ತಿದ್ದರು, ಹಾಗಾಗಿ ಅವರಿಗೆ ಸುಳಿವು ಮೊದಲೇ ಸಿಗುತ್ತಿತ್ತು. ಗಲ್ಲಿಯಲ್ಲಿ ಗಾಡಿ ಓಡಿಸುವ ನಮಗೂ ಈ ವಿದ್ಯೆ ಗೊತ್ತು. ಮುಂದಿನ ಆಟೊದವನು ಇಂಡಿಕೇಟರ್ ಹಾಕುವುದಿಲ್ಲ; ಅವನ ಭುಜ ವಾಲಿದ ಬಗೆ ನೋಡಿಯೇ ಬ್ರೇಕ್ ಒತ್ತುತ್ತೇವೆ.

ಇನ್ನು ತಲೆಯ ಒಳಗೆ ಹೋಗೋಣ. ಹೆಡ್‌ಫೋನ್ ಹಾಕಿಕೊಂಡಾಗ ನೆತ್ತಿಯ ಮೇಲೆ ಅದರ ಪಟ್ಟಿ ಎಲ್ಲಿ ಕೂರುತ್ತದೋ ಹೆಚ್ಚುಕಡಿಮೆ ಅದರ ಕೆಳಗೇ, ಎರಡೂ ಕಿವಿಗಳ ಕಡೆಗೆ ಇಳಿದಿರುವ ಒಂದು ಪಟ್ಟಿ ಮಿದುಳಿನ ಮೇಲ್ಪದರದಲ್ಲಿದೆ. ಅದು ಚಲನೆಯ ಪಟ್ಟಿ. ಎಡಗಡೆಯ ಪಟ್ಟಿ ಬಲ ಮೈಯನ್ನೂ ಬಲಗಡೆಯ ಪಟ್ಟಿ ಎಡ ಮೈಯನ್ನೂ ಆಳುತ್ತದೆ. ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಎಚ್ಚರವಿದ್ದ ರೋಗಿಗಳ ಮಿದುಳನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿ, ಎಲ್ಲಿ ಮುಟ್ಟಿದರೆ ಎಲ್ಲಿ ಅಲುಗುತ್ತದೆ ಎಂದು ಗುರುತು ಹಾಕಿ 1937ರಲ್ಲಿ ಒಂದು ನಕ್ಷೆ ಪ್ರಕಟಿಸಿದರು. ಹೆದರಬೇಡಿ, ಮಿದುಳಿಗೆ ಸ್ವಂತ ನೋವು ಗೊತ್ತಾಗುವುದಿಲ್ಲ. ಆ ನಕ್ಷೆಯಲ್ಲಿ ಬೆನ್ನು, ತೊಡೆಗಳಂಥ ದೊಡ್ಡ ಅಂಗಗಳಿಗೆ ಸಿಕ್ಕಿದ್ದು ಚೂರು ಜಾಗ. ಬೆರಳುಗಳಿಗೆ, ತುಟಿ ನಾಲಿಗೆಗಳಿಗೆ ಸಿಕ್ಕಿದ್ದು ಎಕರೆಗಟ್ಟಲೆ. ನಾಜೂಕು ಕೆಲಸ ಎಷ್ಟೋ ಅಷ್ಟು ಜಾಗ. 2023ರಲ್ಲಿ ಸ್ಕ್ಯಾನ್ ಮೂಲಕ ಈ ಪಟ್ಟಿಯನ್ನು ಮತ್ತೆ ನೋಡಿದ ವಿಜ್ಞಾನಿಗಳು ಕಾಲು, ಕೈ, ಬಾಯಿಯ ಭಾಗಗಳ ನಡುನಡುವೆ ಬೇರೆಯೇ ತುಣುಕುಗಳಿವೆ, ಅವು ಇಡೀ ಮೈಯ ಚಲನೆಯ ಯೋಜನೆಗೆ ಸೇರಿದಂತಿವೆ ಎಂದು ತೋರಿಸಿದರು. ಎಂಬತ್ತಾರು ವರ್ಷದ ನಕ್ಷೆಗೂ ತಿದ್ದುಪಡಿ ಬಂತು.

ಈ ಪಟ್ಟಿಗೆ ಮುಂದೆ, ಹಣೆಯ ಕಡೆಗೆ, ಯೋಜನೆ ಹಾಕುವ ಭಾಗಗಳಿವೆ. ಯಾವ ಚಲನೆ ಮೊದಲು, ಯಾವುದು ಆಮೇಲೆ ಎಂಬ ಸರಣಿ ಅಲ್ಲಿ ಸಿದ್ಧವಾಗುತ್ತದೆ. ಅಲ್ಲಿಂದ ಪಟ್ಟಿಗೆ, ಪಟ್ಟಿಯಿಂದ ಬೆನ್ನುಹುರಿಗೆ, ಬೆನ್ನುಹುರಿಯಿಂದ ಸ್ನಾಯುವಿಗೆ ಆಜ್ಞೆ ಹೋಗುತ್ತದೆ.

ನನಗೆ ಇದಕ್ಕಿಂತ ಸ್ವಾರಸ್ಯವೆನಿಸುವುದು ಹಿಂದಲೆಯ ಕೆಳಗೆ, ಕುತ್ತಿಗೆ ಶುರುವಾಗುವ ಜಾಗದ ಮೇಲೆ ಕುಳಿತಿರುವ ಕಿರುಮಿದುಳು, ಅಂದರೆ ಸೆರೆಬೆಲಂ. ಹೆಸರು ಕಿರಿದು, ತೂಕ ಇಡೀ ಮಿದುಳಿನ ಹತ್ತನೆಯ ಒಂದು ಭಾಗದಷ್ಟು. ಆದರೆ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇಲ್ಲೇ ಕಿಕ್ಕಿರಿದಿವೆ. ಇದರ ಕೆಲಸ ತಪ್ಪು ಹಿಡಿಯುವುದು. ಕೈ ಎಲ್ಲಿಗೆ ಹೋಗಬೇಕಿತ್ತು, ಎಲ್ಲಿಗೆ ಹೋಯಿತು, ಎರಡರ ನಡುವೆ ಅಂತರವೆಷ್ಟು ಎಂದು ಕ್ಷಣಕ್ಷಣವೂ ಹೋಲಿಸಿ ಮುಂದಿನ ಸಲಕ್ಕೆ ತಿದ್ದುತ್ತದೆ. ರೊಟ್ಟಿಯ ಅಂಚು ಒಡೆದಾಗ ಮುಂದಿನ ತಟ್ಟು ತುಸು ಮೆತ್ತಗಾಗುತ್ತದಲ್ಲ, ಅದು ಇದರ ಕೈವಾಡ. ಕುಡಿದವರು ತೂರಾಡುವುದೂ ಮದ್ಯ ಮುಖ್ಯವಾಗಿ ಕಿರುಮಿದುಳನ್ನು ಮಂಕು ಮಾಡುವುದರಿಂದಲೇ. ತೋಳಲ್ಲಿ ಬಲ ಇರುತ್ತದೆ, ಅಂದಾಜು ಇರುವುದಿಲ್ಲ.

ಅಂದಮೇಲೆ ತಪ್ಪು ಎನ್ನುವುದು ಕಿರುಮಿದುಳಿನ ಊಟ. ಒಂದೂ ತಪ್ಪಾಗದಷ್ಟು ಸುಲಭದ ಅಭ್ಯಾಸದಿಂದ ಅದಕ್ಕೆ ಸಿಗುವುದು ಕಡಿಮೆ. ಇಲ್ಲಿ ಪೋಷಕರಿಗೆ ಒಂದು ಮಾತು. ಅಂಕಣದ ಪಕ್ಕದಲ್ಲಿ ನಿಂತು 'ಮೊಣಕೈ ಎತ್ತು, ಮಣಿಕಟ್ಟು ತಿರುಗಿಸು' ಎಂದು ಕೂಗುವವರನ್ನು ನಗರದ ಯಾವ ಕೋಚಿಂಗ್ ಸೆಂಟರಿನಲ್ಲಾದರೂ ಕಾಣಬಹುದು. ಗೇಬ್ರಿಯೆಲ್ ವುಲ್ಫ್ ಎಂಬ ಸಂಶೋಧಕಿ 1990ರ ದಶಕದ ಕೊನೆಯಿಂದ ಮಾಡಿದ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡದ್ದೇನೆಂದರೆ, ತನ್ನ ಅಂಗದ ಮೇಲೆ ಗಮನ ಇಟ್ಟವರಿಗಿಂತ ಗುರಿಯ ಮೇಲೆ ಗಮನ ಇಟ್ಟವರು ಚೆನ್ನಾಗಿ ಕಲಿಯುತ್ತಾರೆ. 'ಶಟಲ್ ಆ ಮೂಲೆಗೆ ಬೀಳಲಿ' ಎಂದರೆ ಸಾಕು, ಮೊಣಕೈಯ ಲೆಕ್ಕವನ್ನು ಬಹುಪಾಲು ಮಿದುಳೇ ನೋಡಿಕೊಳ್ಳುತ್ತದೆ. ಕೋಚ್ ತಿದ್ದುವುದು ಬೇರೆ, ಬೇಲಿಯಾಚೆಯಿಂದ ಅಪ್ಪ ತಿದ್ದುವುದು ಬೇರೆ. ಎರಡನೆಯದು ಇಲ್ಲದಿದ್ದರೆ ಮಗುವಿಗೆ ಲಾಭವೇ.

ಇನ್ನೊಂದು ಸಂಗತಿ. ಒಂದೇ ಹೊಡೆತವನ್ನು ನೂರು ಸಲ ಹೊಡೆದು, ಆಮೇಲೆ ಇನ್ನೊಂದನ್ನು ನೂರು ಸಲ ಹೊಡೆಯುವುದು ಒಂದು ಬಗೆ. ಮೂರು ನಾಲ್ಕು ಹೊಡೆತಗಳನ್ನು ಕಲಸಿ ಅಭ್ಯಾಸ ಮಾಡುವುದು ಇನ್ನೊಂದು. ಎರಡನೆಯದರಲ್ಲಿ ಆ ದಿನದ ಆಟ ಕೆಟ್ಟದಾಗಿಯೇ ಕಾಣುತ್ತದೆ. ಆದರೆ ಕೆಲವು ದಿನ ಬಿಟ್ಟು ಪರೀಕ್ಷಿಸಿದರೆ ಉಳಿಯುವುದು ಸಾಮಾನ್ಯವಾಗಿ ಅದೇ ಎಂದು 1979ರ ಒಂದು ಪ್ರಯೋಗದಿಂದ ತಿಳಿದುಬಂದಿದೆ, ಆಮೇಲಿನವು ಬಹುಮಟ್ಟಿಗೆ ಅದನ್ನು ಒಪ್ಪಿವೆ. ಕೆಟ್ಟ ದಿನ ಕಂಡು ಮಗುವನ್ನು ಬೈಯುವ ಮೊದಲು ಇದನ್ನು ನೆನೆಯಿರಿ. ನಿದ್ದೆಯನ್ನೂ ಮರೆಯಬೇಡಿ. ಹಗಲು ಕಲಿತ ಕೈಕೆಲಸ ಗಟ್ಟಿಯಾಗುವುದರಲ್ಲಿ ರಾತ್ರಿಯ ನಿದ್ದೆಗೆ ದೊಡ್ಡ ಪಾಲಿದೆ. ಬೆಳಿಗ್ಗೆ ನಾಲ್ಕಕ್ಕೆ ಕೋಚಿಂಗ್‌ಗೆ ಎಬ್ಬಿಸುವವರು ರಾತ್ರಿ ಒಂಬತ್ತಕ್ಕೆ ಟಿವಿ ಆರಿಸಬೇಕಾಗುತ್ತದೆ, ಅಪ್ಪನ ಕ್ರಿಕೆಟ್ ಇದ್ದರೂ!

ಚಲನೆಗೆ ಸೇರಿದ ಮೂರನೆಯ ತಂಡ ಮಿದುಳಿನ ಆಳದಲ್ಲಿದೆ, ಬೇಸಲ್ ಗ್ಯಾಂಗ್ಲಿಯಾ ಎನ್ನುವ ನರಕೋಶಗಳ ಗುಂಪು. ಚಲನೆ ಶುರುಮಾಡಲು ಒಪ್ಪಿಗೆ ಕೊಡುವುದು, ಬೇಡದ್ದನ್ನು ತಡೆಯುವುದು, ಪದೇ ಪದೇ ಮಾಡಿದ್ದನ್ನು ರೂಢಿಯಾಗಿಸುವುದು ಇದರ ಪಾಲಿನ ಕೆಲಸ. ಡೋಪಮೈನ್ ಎಂಬ ರಾಸಾಯನಿಕ ಇದಕ್ಕೆ ಬೇಕೇ ಬೇಕು. ಅದನ್ನು ತಯಾರಿಸುವ ಕೋಶಗಳು ಸಾಯುತ್ತ ಬಂದಾಗ ಕಾಣಿಸುವುದೇ ಪಾರ್ಕಿನ್‌ಸನ್ ಕಾಯಿಲೆ. ಕಾಲಲ್ಲಿ ಬಲವಿದ್ದರೂ ಹೊಸ್ತಿಲ ಬಳಿ ಹೆಜ್ಜೆ ಅಂಟಿಕೊಂಡು ನಿಂತುಬಿಡುತ್ತದೆ. ವಿಚಿತ್ರವೆಂದರೆ, ನೆಲದ ಮೇಲೆ ಅಡ್ಡಗೆರೆ ಎಳೆದರೆ ಅಥವಾ ತಾಳ ಸ್ಪಷ್ಟವಿರುವ ಹಾಡು ಹಾಕಿದರೆ ಅಂಥವರಲ್ಲಿ ಅನೇಕರು ನಡೆಯತೊಡಗುತ್ತಾರೆ. ಒಳಗಿನಿಂದ ಬರಬೇಕಾದ ಸೂಚನೆ ಬಾರದಿದ್ದಾಗ ಹೊರಗಿನ ಸೂಚನೆಯನ್ನು ಹಿಡಿದು ಮಿದುಳು ಬೇರೆ ದಾರಿಯಲ್ಲಿ ಸಾಗುತ್ತದೆ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ನಮ್ಮ ಹಳೆಯ ಚಿತ್ರಗೀತೆಗಳನ್ನು ಹೀಗೂ ಬಳಸಿಕೊಳ್ಳಬಹುದು. ಪಕ್ಕದಲ್ಲಿ ಒಬ್ಬರು ನಿಂತಿರಲಿ, ಅಷ್ಟೆ.

ರೂಢಿಯ ಈ ನೆನಪು ಸಾಮಾನ್ಯ ನೆನಪಿನಿಂದ ಬೇರೆ ಎಂದು ತಿಳಿದದ್ದು ಒಬ್ಬ ದುರದೃಷ್ಟವಂತನಿಂದ. ಅಮೆರಿಕದ ಹೆನ್ರಿ ಮೊಲೈಸನ್‌ಗೆ 1953ರಲ್ಲಿ, 27ನೇ ವಯಸ್ಸಿನಲ್ಲಿ, ಮೂರ್ಛೆರೋಗ ತಗ್ಗಿಸಲೆಂದು ಶಸ್ತ್ರಚಿಕಿತ್ಸೆ ಮಾಡಿ ನೆನಪಿನ ಅಂಗವಾದ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನು ಎರಡೂ ಬದಿಯಿಂದ ತೆಗೆದರು. ಅಂದಿನಿಂದ ಆತನಿಗೆ ಹೊಸದೇನೂ ನೆನಪಲ್ಲಿ ನಿಲ್ಲದಾಯಿತು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಆತನಿಗೆ ಕನ್ನಡಿಯಲ್ಲಿ ಮಾತ್ರ ಕೈ ಕಾಣುವಂತೆ ಕೂರಿಸಿ ನಕ್ಷತ್ರವೊಂದರ ಅಂಚನ್ನು ತಿದ್ದಿಸಿದರು. ದಿನದಿಂದ ದಿನಕ್ಕೆ ಗೆರೆ ನೇರವಾಗುತ್ತ ಬಂತು. ಆದರೆ ಇದನ್ನು ಹಿಂದೆ ಎಂದಾದರೂ ಮಾಡಿದ್ದೇನೆ ಎನ್ನುವುದೇ ಆತನಿಗೆ ಗೊತ್ತಿರಲಿಲ್ಲ. ಮಕ್ಕಳ ಹೆಸರು ಮರೆತ ಅಜ್ಜಿಯರು ಹೂ ಕಟ್ಟುವುದನ್ನು ಮರೆಯದಿರುವುದು ಎಷ್ಟೋ ಮನೆಗಳಲ್ಲಿ ಕಾಣುವ ಸಂಗತಿ. ಕಾರಣ ಇಲ್ಲೇ ಇದೆ.

ಇನ್ನು ಗಾಯದ ವಿಷಯ. ಗೋಪಿಚಂದ್ 1994ರಲ್ಲಿ ಪುಣೆಯಲ್ಲಿ, ರಾಷ್ಟ್ರೀಯ ಕ್ರೀಡಾಕೂಟದ ಡಬಲ್ಸ್ ಪಂದ್ಯ ಆಡುತ್ತಿದ್ದಾಗ ಮೊಣಕಾಲಿನ ಎಸಿಎಲ್ ಎಂಬ ಲಿಗಮೆಂಟ್ ಹರಿದುಕೊಂಡರು. ಒಂದಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಆಟ ಮುಗಿಯಿತು ಎನ್ನುವಂಥ ಪೆಟ್ಟು ಅದು. ಏಳು ವರ್ಷದ ಮೇಲೆ, 2001ರ ಮಾರ್ಚ್ 11ರಂದು, ಅವರು ಚೀನಾದ ಚೆನ್ ಹಾಂಗ್‌ರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದರು. ಅವರಿಗಿಂತ ಮೊದಲು ಅದನ್ನು ಗೆದ್ದ ಭಾರತೀಯ ನಮ್ಮ ಪ್ರಕಾಶ್ ಪಡುಕೋಣೆ, 1980ರಲ್ಲಿ. ಬೆಂಗಳೂರಿನಲ್ಲಿ ಗೋಪಿಚಂದ್‌ಗೆ ಕಲಿಸಿದವರಲ್ಲಿ ಪ್ರಕಾಶ್ ಒಬ್ಬರು ಎನ್ನುವುದು ನಮಗೆ, ಹೈದರಾಬಾದಿನ ಕನ್ನಡಿಗರಿಗೆ, ಎರಡು ಪಟ್ಟು ಖುಷಿ. ಪ್ರಕಾಶ್ ಸ್ವತಃ ಆಡಿ ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಆಗ ಮದುವೆ ಮನೆಯೂ ಆಗಿತ್ತು; ಮುಹೂರ್ತ ಇದ್ದ ದಿನ ಆಟ ಇರುತ್ತಿರಲಿಲ್ಲ.

ಮೊಣಕಾಲಿಗೂ ಮಿದುಳಿಗೂ ಏನು ಸಂಬಂಧ ಎನ್ನುತ್ತೀರಾ? ಎಸಿಎಲ್ ಬರೀ ಹಗ್ಗವಲ್ಲ. ಅದರೊಳಗೆ ನರದ ತುದಿಗಳಿವೆ. ಮಂಡಿ ಎಷ್ಟು ಬಾಗಿದೆ, ಎಷ್ಟು ತಿರುಚಿದೆ ಎಂದು ಅವು ಮಿದುಳಿಗೆ ವರದಿ ಕಳಿಸುತ್ತಿರುತ್ತವೆ. ಕಣ್ಣು ಮುಚ್ಚಿಕೊಂಡೂ ನಿಮ್ಮ ಕಾಲು ಎಲ್ಲಿದೆ ಎಂದು ಹೇಳಬಲ್ಲಿರಲ್ಲ, ಅದು ಇಂಥ ವರದಿಗಳಿಂದ. ಲಿಗಮೆಂಟ್ ಹರಿದಾಗ ಆ ವರದಿಯೂ ಕಡಿಯುತ್ತದೆ. ಹೊಸದನ್ನು ಕಸಿ ಮಾಡಿ ಕಾಲು ಗಟ್ಟಿಯಾದ ಮೇಲೂ ಇಂಥವರ ಮಿದುಳು ಮಂಡಿ ಅಲುಗಿಸುವಾಗ ಕಣ್ಣಿನ ನೆರವನ್ನು ಹೆಚ್ಚು ಬೇಡುತ್ತದೆ ಎಂದು ಸ್ಕ್ಯಾನ್ ಅಧ್ಯಯನಗಳು ಹೇಳುತ್ತವೆ. ಅದಕ್ಕೇ ಫಿಸಿಯೊಥೆರಪಿಯವರು ಒಂಟಿ ಕಾಲಲ್ಲಿ ನಿಲ್ಲಿಸುವುದು, ಕಣ್ಣು ಮುಚ್ಚಿಸುವುದು, ಅಲುಗುವ ಹಲಗೆಯ ಮೇಲೆ ಹತ್ತಿಸುವುದು. ನೋವು ಹೋಯಿತೆಂದು ಈ ಭಾಗವನ್ನು ಅರ್ಧಕ್ಕೆ ಬಿಡುವವರು ಬಹಳ. ವಾರಕ್ಕೊಮ್ಮೆ ಕ್ರಿಕೆಟ್ ಆಡಿ ಮಂಡಿ ತಿರುಚಿಕೊಳ್ಳುವ ಸಾಫ್ಟ್‌ವೇರ್ ಮಿತ್ರರು ಇದನ್ನು ಎರಡು ಸಲ ಓದಿಕೊಳ್ಳಬೇಕು.

ಜಿಮ್‌ಗೆ ಸೇರಿ ಮೂರನೇ ವಾರಕ್ಕೆ ಬಿಡುವವರಿಗೂ ಒಂದು ಸುದ್ದಿ. ಮೊದಲ ಕೆಲವು ವಾರ ತೂಕ ಎತ್ತುವ ಶಕ್ತಿ ಹೆಚ್ಚುತ್ತದೆ, ಕನ್ನಡಿಯಲ್ಲಿ ತೋಳು ಮಾತ್ರ ಹಾಗೇ ಇರುತ್ತದೆ. ಆಗ ಬೆಳೆಯುತ್ತಿರುವುದು ಹೆಚ್ಚಾಗಿ ಸ್ನಾಯುವಲ್ಲ, ಸ್ನಾಯುವನ್ನು ಒಟ್ಟಾಗಿ ದುಡಿಸುವ ನರಗಳ ಜಾಣತನ. ದಪ್ಪವಾಗುವ ಸರದಿ ಆಮೇಲೆ. ಇದಕ್ಕೆ ಸಾಕ್ಷಿಯೂ ಉಂಟು: ಒಂದೇ ಕೈಗೆ ವ್ಯಾಯಾಮ ಮಾಡಿಸಿದರೆ ಸುಮ್ಮನಿದ್ದ ಇನ್ನೊಂದು ಕೈಯ ಬಲವೂ ಸ್ವಲ್ಪ ಹೆಚ್ಚುತ್ತದೆ. 1894ರಷ್ಟು ಹಿಂದೆಯೇ ಇದನ್ನು ಗಮನಿಸಿದ್ದರು. ಒಂದು ಕೈಗೆ ಪ್ಲಾಸ್ಟರ್ ಹಾಕಿದ್ದರೆ, ವೈದ್ಯರು ಒಪ್ಪಿದರೆ, ಇನ್ನೊಂದು ಕೈಯನ್ನು ದುಡಿಸುವುದು ದಡ್ಡತನವಲ್ಲ.

ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೂ ಪ್ರಯೋಗವಿದೆ. 2004ರಲ್ಲಿ ಜರ್ಮನಿಯ ಸಂಶೋಧಕರು ಕೆಲವರಿಗೆ ಮೂರು ಚೆಂಡು ಎಸೆದು ಹಿಡಿಯುವ ಆಟ ಕಲಿಸಿದರು. ಮೂರು ತಿಂಗಳಲ್ಲಿ ಚಲಿಸುವ ವಸ್ತುವನ್ನು ಗುರುತಿಸುವ ಮಿದುಳಿನ ಭಾಗ ತುಸು ಹಿಗ್ಗಿತು. ಆಟ ಬಿಟ್ಟ ಮೂರು ತಿಂಗಳಲ್ಲಿ ಮತ್ತೆ ಕುಗ್ಗಿತು.

ಕೆಬಿಆರ್ ಪಾರ್ಕಿನ ಬೆಳಗಿನ ನಡಿಗೆಯವರು ಕೇಳುವ ಪ್ರಶ್ನೆ ಒಂದೇ: ನಡೆದರೆ ನೆನಪಿನ ಶಕ್ತಿ ಉಳಿಯುತ್ತದೆಯೆ? 2011ರಲ್ಲಿ ಅಮೆರಿಕದಲ್ಲಿ 120 ಹಿರಿಯರ ಮೇಲೆ ಒಂದು ಅಧ್ಯಯನ ನಡೆಯಿತು. ವಾರಕ್ಕೆ ಮೂರು ದಿನ, ನಲವತ್ತು ನಿಮಿಷದವರೆಗೆ ಚುರುಕಾಗಿ ನಡೆದವರ ಹಿಪ್ಪೊಕ್ಯಾಂಪಸ್ ವರ್ಷದಲ್ಲಿ ಸುಮಾರು ಶೇ. 2ರಷ್ಟು ಹಿಗ್ಗಿತು, ಬರೀ ಮೈ ಚಾಚುವ ವ್ಯಾಯಾಮ ಮಾಡಿದವರದ್ದು ಕುಗ್ಗಿತು. ನಂತರದ ಎಲ್ಲ ಅಧ್ಯಯನಗಳೂ ಇದನ್ನು ಒಂದೇ ದನಿಯಲ್ಲಿ ಒಪ್ಪಿಲ್ಲ, ಹಾಗಾಗಿ ನಡಿಗೆಯನ್ನು ಮರೆವಿನ ಔಷಧಿ ಎಂದು ಮಾರುವವರನ್ನು ನಂಬಬೇಡಿ. ರಕ್ತದೊತ್ತಡ, ಸಕ್ಕರೆ ಹತೋಟಿಗೆ ಬರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆ ಎರಡೂ ಹತೋಟಿ ತಪ್ಪಿದಾಗಲೇ ಮಿದುಳಿಗೆ ದೊಡ್ಡ ಅಪಾಯ, ಅದರ ಹೆಸರು ಲಕ್ವ ಅಥವಾ ಪಾರ್ಶ್ವವಾಯು.

ಲಕ್ವ ಕೈಕಾಲಿನ ರೋಗ ಎಂದು ಈಗಲೂ ಎಣ್ಣೆ ತಿಕ್ಕಿಸಲು ಓಡುವವರಿದ್ದಾರೆ. ಪೆಟ್ಟು ಬಿದ್ದಿರುವುದು ಮೇಲೆ. ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಚಲನೆಯ ಪಟ್ಟಿಗೋ ಅದರಿಂದ ಇಳಿಯುವ ನರದ ದಾರಿಗೋ ರಕ್ತ ನಿಂತಿರುತ್ತದೆ. ಮುಖ ಒಂದು ಕಡೆ ವಾಲಿದೆಯೆ, ಎರಡೂ ಕೈ ಎತ್ತಿ ಹಿಡಿದರೆ ಒಂದು ಜಾರುತ್ತದೆಯೆ, ಮಾತು ತೊದಲುತ್ತಿದೆಯೆ ನೋಡಿ. ಒಂದಿದ್ದರೂ ಗಡಿಯಾರ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ಆ ಸೇವೆ 2005ರ ಆಗಸ್ಟ್ 15ರಂದು ಶುರುವಾದದ್ದು ಈ ಊರಿನಲ್ಲೇ. ರಕ್ತ ಗಡ್ಡೆ ಕಟ್ಟಿದ ಲಕ್ವವಾದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡುವ ಮೊದಲು ಸ್ಕ್ಯಾನ್ ಆಗಬೇಕು. ಹಾಗಾಗಿ ಸ್ಕ್ಯಾನ್ ಇಲ್ಲದ ಪಕ್ಕದ ಬೀದಿಯ ಕ್ಲಿನಿಕ್ಕಿನಲ್ಲಿ ಕಳೆಯುವ ಒಂದು ಗಂಟೆ ದುಬಾರಿ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಡೆಯುವುದೇ ಮುಕ್ಕಾಲು ಪಾಲು ಕಥೆ. ಬಲಗೈ ಬಿದ್ದುಹೋದ ಅಪ್ಪನಿಗೆ ನಾವು ಪ್ರೀತಿಯಿಂದ ತುತ್ತು ತಿನ್ನಿಸುತ್ತೇವೆ, ಗುಂಡಿ ಹಾಕುತ್ತೇವೆ, ಅವರೂ ಎಡಗೈಯಲ್ಲೇ ಎಲ್ಲ ನಿಭಾಯಿಸಲು ಕಲಿಯುತ್ತಾರೆ. ಮಿದುಳು ಇದರಿಂದ ಕಲಿಯುವ ಪಾಠ ಏನು ಗೊತ್ತೆ? ಬಲಗೈ ಇನ್ನು ಬೇಡ ಎಂದು. ಎಡ್ವರ್ಡ್ ಟೌಬ್ ಎಂಬ ವಿಜ್ಞಾನಿ ಇದನ್ನು ಕಲಿತ ನಿಷ್ಕ್ರಿಯತೆ ಎಂದು ಗುರುತಿಸಿ, ತಿರುಗಿಸಿ ನೋಡಿದರು. ಚೆನ್ನಾಗಿರುವ ಕೈಗೇ ಗವಸು ತೊಡಿಸಿ, ಸೋತ ಕೈಯಿಂದಲೇ ದಿನಕ್ಕೆ ಹಲವು ಗಂಟೆ, ಎರಡು ವಾರ ಕೆಲಸ ಮಾಡಿಸುವುದು. ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಜನರ ಮೇಲೆ ಇದನ್ನು ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಚಿಕಿತ್ಸೆ ಪಡೆದವರ ಕೈ ಉಳಿದವರದಕ್ಕಿಂತ ಹೆಚ್ಚು ಸುಧಾರಿಸಿತ್ತು, ಆ ಸುಧಾರಣೆ ಕನಿಷ್ಠ ಒಂದು ವರ್ಷ ನಿಂತಿತ್ತು. ಸತ್ತ ನರಕೋಶ ಮತ್ತೆ ಹುಟ್ಟಲಿಲ್ಲ. ಉಳಿದ ಭಾಗಗಳು ಕೆಲಸ ಹಂಚಿಕೊಂಡವು.

ಇದು ಎಲ್ಲರಿಗೂ ಒಗ್ಗುವುದಿಲ್ಲ. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಬಿಚ್ಚುವಂತಿರಬೇಕು, ಬೀಳುವ ಭಯ ಇರಬಾರದು. ಮೊದಲ ದಿನಗಳಲ್ಲೇ ಅತಿಯಾಗಿ ದುಡಿಸುವುದೂ ಸರಿಯಲ್ಲ. ಆದ್ದರಿಂದ ಗವಸನ್ನು ನೀವೇ ತೊಡಿಸಲು ಹೋಗಬೇಡಿ, ಫಿಸಿಯೊಥೆರಪಿಸ್ಟ್ ನೋಡಿ ಹೇಳಲಿ. ಮನೆಯವರು ನಾಳೆಯಿಂದಲೇ ಮಾಡಬಹುದಾದದ್ದು ಬೇರೆ ಇದೆ. ಚಹಾದ ಲೋಟವನ್ನು ಅವರ ಸೋತ ಕೈಯ ಕಡೆ ಇಡಿ. ಬಿಸಿ ಆರಿರಲಿ, ಲೋಟ ಅರ್ಧ ಮಾತ್ರ ತುಂಬಿರಲಿ. ರೇಡಿಯೊದ ಗುಂಡಿ ತಿರುಗಿಸುವ ಕೆಲಸ ಅವರದೇ ಆಗಲಿ, ಸ್ಟೇಷನ್ ಹಿಡಿಯಲು ಹತ್ತು ನಿಮಿಷ ಬೇಕಾದರೂ ನೀವು ಕೈ ಹಾಕಬೇಡಿ.